ಕಣ್ಣು ಕಾಣದವರಿಗೆ ಯಾವ ಬ್ರೌಸರ್? ಮೊದಲು ದನಿ ನೋಡಿ, ಆಮೇಲೆ ಬ್ರೌಸರ್

ಹೋದ ತಿಂಗಳು ಒಂದೇ ವಾರದಲ್ಲಿ ಮೂವರು ಫೋನ್ ಮಾಡಿ ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದು ಬಿಎ ಓದುವ ಹುಡುಗಿ. ಹುಟ್ಟಿನಿಂದಲೇ ಕಣ್ಣಿಲ್ಲ. ಇನ್ನೊಬ್ಬರು ಬೀದರಿನ ನಿವೃತ್ತ ಮಾಸ್ತರರು. ಕಣ್ಣಿನ ನಡುಭಾಗದ ನೋಟ ಮಸುಕಾಗುತ್ತಾ ಬಂದಿದೆ, ಆದರೂ ಪೇಪರ್ ಬಿಡಲೊಲ್ಲರು. ಮೂರನೆಯವನು ಶಹಾಪುರದ ಹತ್ತಿರದ ಹಳ್ಳಿಯವನು, ಕಿರಾಣಿ ಅಂಗಡಿ ಇಟ್ಟಿದ್ದಾನೆ. ಕಂಪ್ಯೂಟರ್ ಇಲ್ಲ, ಇರುವುದು ಒಂದು ಆಂಡ್ರಾಯ್ಡ್ ಫೋನು.

"ಸರ, ಕಣ್ಣ ಕಾಣ್ಲಾರ್ದವರಿಗಿ ಬ್ಯಾರೇನೇ ಬ್ರೌಸರ್ ಅದ ಅಂತಲ್ರಿ? ಯಾವ್ದು ಹಾಕ್ಕೊಳ್ಳಲಿ ಹೇಳ್ರಿ," ಅಂದಳು ಹುಡುಗಿ.

ನನಗೂ ಈ ಪ್ರಶ್ನೆ ಹೊಸದಲ್ಲ. ಚಿಕ್ಕವನಿದ್ದಾಗ ಸಂಜೆಯಾದರೆ ಕಣ್ಣು ಕಾಣುತ್ತಿರಲಿಲ್ಲ. ಅಕ್ಷಿಪಟಲದ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ನೋಟ ವರ್ಷದಿಂದ ವರ್ಷಕ್ಕೆ ಕಿರಿದಾಯಿತು. ಮೊದಲು ಅಕ್ಷರ ದೊಡ್ಡದು ಮಾಡಿಕೊಂಡು ಓದಿದೆ, ಆಮೇಲೆ ಬಣ್ಣ ತಿರುಗಿಸಿಕೊಂಡು ಓದಿದೆ, ಈಗ ಕಿವಿಯಲ್ಲೇ ಓದುತ್ತೇನೆ. ಹಾಗಾಗಿ ಈ ದಾರಿಯ ಎಲ್ಲ ನಿಲ್ದಾಣಗಳಲ್ಲೂ ನಾನು ಇಳಿದು ಹತ್ತಿದ್ದೇನೆ ಅನ್ನಬಹುದು.

ಮೊದಲು ಒಂದು ಗೊಂದಲ ಬಿಡಿಸೋಣ. ಬ್ರೌಸರ್ ಪುಟವನ್ನು ತೆರೆಯುತ್ತದೆ. ಅದನ್ನು ಓದಿ ಹೇಳುವುದು ಸ್ಕ್ರೀನ್ ರೀಡರ್. ಸ್ಕ್ರೀನ್ ರೀಡರಿಗೆ ಗಂಟಲು ಕೊಡುವುದು ಇನ್ನೊಂದು ತಂತ್ರಾಂಶ, ಅದಕ್ಕೆ ದನಿ ಅನ್ನುತ್ತೇವೆ. ಮೂರೂ ಬೇರೆ ಬೇರೆ, ಮೂರೂ ಹೊಂದಬೇಕು. ನಮ್ಮವರು ಬ್ರೌಸರಿನ ಹೆಸರು ಕೇಳಿಕೊಂಡು ಬರುತ್ತಾರೆ, ನಿಜವಾದ ತಕರಾರು ಮುಕ್ಕಾಲು ಪಾಲು ದನಿಯಲ್ಲಿರುತ್ತದೆ.

ಹೇಗೆ ಅಂದರೆ, ಸ್ಕ್ರೀನ್ ರೀಡರಿಗೆ ಬರೀ ಇಂಗ್ಲಿಷ್ ದನಿ ಹಾಕಿಕೊಂಡು ಕನ್ನಡದ ಸುದ್ದಿ ಪುಟ ತೆರೆಯಿರಿ. ಏನೂ ಕೇಳುವುದಿಲ್ಲ. ಆ ದನಿಗೆ ಕನ್ನಡ ಅಕ್ಷರವೇ ಗೊತ್ತಿಲ್ಲ, ಸುಮ್ನೆ ದಾಟಿಕೊಂಡು ಹೋಗುತ್ತದೆ. ನಡುವೆ ಎಲ್ಲೋ "ಟ್ವೆಂಟಿ ಫೈವ್" ಅನ್ನುತ್ತದೆ, ಮತ್ತೆ ಮೌನ. ಪುಟ ಖಾಲಿ ಇದೆ ಅಂದುಕೊಂಡು ಬಿಟ್ಟವರನ್ನು ನಾನೇ ಎಷ್ಟೋ ಜನರನ್ನು ನೋಡಿದ್ದೇನೆ. ಅವರು ಬ್ರೌಸರ್ ಬದಲಾಯಿಸುತ್ತಾರೆ, ಅಲ್ಲೂ ಮೌನ. ಇನ್ನೊಂದು ಹಾಕುತ್ತಾರೆ, ಅಲ್ಲೂ ಅದೇ.

ಯಾವುದರ ಮೇಲೆ ಅಳೆಯಬೇಕು

ನಾನು ಯಾರಿಗಾದರೂ ಹೇಳುವ ಮೊದಲು ಇಷ್ಟು ಕೇಳುತ್ತೇನೆ. ನೋಟ ಎಷ್ಟು ಉಳಿದಿದೆ? ಅಕ್ಷರ ದೊಡ್ಡದಾದರೆ ಸಾಕಾ, ಇಲ್ಲಾ ಪೂರ್ತಿ ಕಿವಿಯ ಮೇಲೇ ನಡೆಯಬೇಕಾ? ಕೈಯಲ್ಲಿರುವ ಯಂತ್ರ ಯಾವುದು, ಎಷ್ಟು ಹಳೆಯದು? ಖರ್ಚು ಮಾಡಲು ದುಡ್ಡಿದೆಯಾ? ಓದುವುದು ಯಾವ ಭಾಷೆಯಲ್ಲಿ? ಈ ಕೊನೆಯದು ನಮ್ಮ ಕಡೆ ಸಣ್ಣ ಪ್ರಶ್ನೆ ಅಲ್ಲ. ಬೀದರಿನ ಮನೆಯೊಂದರಲ್ಲಿ ಬೆಳಿಗ್ಗೆ ಕನ್ನಡ ಪೇಪರು, ಮಧ್ಯಾಹ್ನ ಉರ್ದು, ಸಂಜೆ ಮರಾಠಿ ಸೀರಿಯಲ್ಲಿನ ಸುದ್ದಿ, ಬ್ಯಾಂಕಿನ ಕೆಲಸ ಮಾತ್ರ ಇಂಗ್ಲಿಷಿನಲ್ಲಿ. ಒಂದೇ ದನಿಗೆ ಇಷ್ಟೆಲ್ಲ ಹೊರಿಸಲಾಗದು.

ಇನ್ನೂ ಎರಡಿವೆ. ಬರೀ ಓದುವುದಾ, ಅಥವಾ ಅರ್ಜಿ ತುಂಬುವುದೂ ಇದೆಯಾ? ಓದಲು ಏನು ಹಾಕಿಕೊಂಡರೂ ನಡೆಯುತ್ತದೆ, ಅರ್ಜಿಯಲ್ಲಿ ಬಣ್ಣ ಬಯಲಾಗುತ್ತದೆ. ಮತ್ತೆ, ಸಿಕ್ಕಿಕೊಂಡಾಗ ಕೇಳಲು ಯಾರಿದ್ದಾರೆ? ಅಕ್ಕಪಕ್ಕದ ನಾಲ್ಕು ಜನ ಬಳಸುವುದನ್ನೇ ನೀವೂ ಬಳಸಿದರೆ ಅರ್ಧ ಕಷ್ಟ ಕಡಿಮೆ.

ಪ್ರತ್ಯೇಕ ಬ್ರೌಸರ್ ಅನ್ನೋದು

ಇದ್ದವು, ಇಲ್ಲ ಅಂತಲ್ಲ. ಅದರಲ್ಲಿ ಒಂದರ ಕಥೆ ಹೇಳಲೇಬೇಕು. ಜಪಾನಿನ ಐಬಿಎಂನಲ್ಲಿ ಚಿಯೆಕೊ ಅಸಕಾವಾ ಅನ್ನುವ ವಿಜ್ಞಾನಿ ಇದ್ದರು. ಈಜುಕೊಳದಲ್ಲಿ ಪೆಟ್ಟು ಬಿದ್ದು ಹದಿನಾಲ್ಕರ ಹೊತ್ತಿಗೆ ಪೂರ್ತಿ ನೋಟ ಕಳೆದುಕೊಂಡವರು. ಅವರು ಕಟ್ಟಿದ ಹೋಮ್ ಪೇಜ್ ರೀಡರ್ 1997ರಲ್ಲಿ ಬಂತು. ಕೀಬೋರ್ಡಿನ ಬಲಗಡೆಯ ಅಂಕಿಗಳನ್ನು ಒತ್ತುತ್ತಾ ವೆಬ್ ಓದಬಹುದಿತ್ತು. ಸಾದಾ ಪಠ್ಯ ಗಂಡಸಿನ ದನಿಯಲ್ಲಿ, ಲಿಂಕು ಬಂದರೆ ಹೆಂಗಸಿನ ದನಿಯಲ್ಲಿ. ಎಷ್ಟು ಚಂದದ ಉಪಾಯ ನೋಡಿ! "ಲಿಂಕ್, ಲಿಂಕ್" ಅಂತ ಪ್ರತಿ ಸಲ ಹೇಳಿಸಿಕೊಳ್ಳಬೇಕಿಲ್ಲ. ಈಗ ಅದು ಇಲ್ಲ.

ಇಂಗ್ಲೆಂಡಿನಿಂದ ಬಂದದ್ದು ವೆಬ್ಬಿ. ಅದು ಇಡೀ ಪುಟವನ್ನು ಸಾದಾ ಪಠ್ಯ ಮಾಡಿ ನೋಟ್‌ಪ್ಯಾಡಿನ ಹಾಗೆ ಮುಂದಿಡುತ್ತದೆ, ಬಾಣದ ಕೀ ಒತ್ತುತ್ತಾ ಸಾಲು ಸಾಲಾಗಿ ಕೇಳುತ್ತಾ ಹೋಗಬಹುದು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಸುಲಭ ಇನ್ನೊಂದಿರಲಿಲ್ಲ. ಆದರೆ ಅದು ಒರಗಿಕೊಂಡಿದ್ದು ಮೈಕ್ರೋಸಾಫ್ಟಿನ ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮೇಲೆ. ಆ ಎಕ್ಸ್‌ಪ್ಲೋರರನ್ನೇ 2022ರ ಜೂನ್ 15ಕ್ಕೆ ಮುಗಿಸಿದರು. ಇವತ್ತಿನ ಬ್ಯಾಂಕಿನ ಪುಟವನ್ನೋ ಪರೀಕ್ಷೆಯ ಅರ್ಜಿಯನ್ನೋ ಅದರಲ್ಲಿ ತೆರೆಯಲು ಹೋಗಬೇಡಿ.

ಲಿಂಕ್ಸ್ ಅಂತ 1992ರಿಂದ ಇರುವ ಬರೀ ಪಠ್ಯದ ಬ್ರೌಸರ್ ಒಂದಿದೆ, ಇನ್ನೂ ಉಸಿರಾಡುತ್ತಿದೆ. ಪುಣೆಯ ಟಿ. ವಿ. ರಾಮನ್ 1995ರಲ್ಲಿ ಹೊರತಂದ, ಈಮ್ಯಾಕ್ಸ್ ಅನ್ನುವ ಬರೆಯುವ ತಂತ್ರಾಂಶಕ್ಕೆ ಮಾತು ಕೊಡುವ ಈಮ್ಯಾಕ್‌ಸ್ಪೀಕ್ ಇದೆ. ಅವರೂ ಕಣ್ಣಿಲ್ಲದವರೇ, ಜಾಣತನಕ್ಕೆ ಕೈ ಮುಗಿಯಬೇಕು. ಪ್ರೋಗ್ರಾಮಿಂಗ್ ಗೀಳಿರುವವರು ನೋಡಲಿ. ಉಳಿದವರಿಗೆ ಬೇಡ.

ಪ್ರತ್ಯೇಕ ಬ್ರೌಸರುಗಳು ಹಿಂದೆ ಬಿದ್ದದ್ದಕ್ಕೆ ಕಾರಣ ಸರಳ. ವೆಬ್ ಪುಟ ಕಟ್ಟುವ ರೀತಿ ತಿಂಗಳಿಗೊಮ್ಮೆ ಬದಲಾಗುತ್ತದೆ. ಅದರ ಜೊತೆ ಓಡಲು ದೊಡ್ಡ ತಂಡ ಬೇಕು. ಒಬ್ಬಿಬ್ಬರು ಪ್ರೀತಿಯಿಂದ ಕಟ್ಟಿದ್ದು ಎಷ್ಟು ದೂರ ಓಡೀತು? ಹಾಗಾಗಿ ಹುಡುಗಿಗೆ ಹೇಳಿದೆ: "ಬ್ಯಾರೆ ಬ್ರೌಸರ್ ಹುಡುಕಬ್ಯಾಡವ್ವಾ. ಎಲ್ಲರೂ ಬಳಸೋದನ್ನೇ ಬಳಸು. ಅದಕ್ಕ ಒಂದು ಛಲೋ ಜೋಡಿ ಹುಡುಕೋಣ."

ಕಂಪ್ಯೂಟರ್ ಇದ್ದವರಿಗೆ

ವಿಂಡೋಸ್ ಕಂಪ್ಯೂಟರಿನಲ್ಲಿ ಮೂರು ಸ್ಕ್ರೀನ್ ರೀಡರುಗಳ ಹೆಸರು ಕೇಳುತ್ತೀರಿ: ಎನ್‌ವಿಡಿಎ, ಜಾಸ್, ನರೇಟರ್.

ಜಾಸ್ 1989ರಿಂದ ಇದೆ. ಬಲಿಷ್ಠ. ಆಫೀಸಿನ ಹಳೆಯ ತಂತ್ರಾಂಶಗಳ ಜೊತೆ ಅದು ಹೊಂದುವ ಹಾಗೆ ಬೇರೆಯವು ಹೊಂದುವುದಿಲ್ಲ. ಆದರೆ ದುಡ್ಡು ಕೊಟ್ಟು ಕೊಳ್ಳಬೇಕು, ಅದೂ ಸಣ್ಣ ದುಡ್ಡಲ್ಲ. ಕೊಳ್ಳದೆ ಹಾಕಿಕೊಂಡರೆ 40 ನಿಮಿಷ ಓಡಿ ನಿಲ್ಲುತ್ತದೆ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಬೇಕು. ಅರ್ಜಿ ತುಂಬುವಾಗ 39ನೇ ನಿಮಿಷದಲ್ಲಿ ನಿಮ್ಮ ಎದೆ ಹೇಗೆ ಬಡಿದುಕೊಳ್ಳುತ್ತದೆ ಅನ್ನೋದನ್ನು ನಾನು ಹೇಳಬೇಕಾಗಿಲ್ಲ. ನೌಕರಿ ಕೊಟ್ಟವರು ತೆಗೆದುಕೊಟ್ಟರೆ ಸಂತೋಷವಾಗಿ ಬಳಸಿ. ಕೈಯಿಂದ ಖರ್ಚು ಮಾಡಬೇಡಿ.

ನರೇಟರ್ ವಿಂಡೋಸಿನ ಒಳಗೇ ಇದೆ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರೂ ಒಟ್ಟಿಗೆ ಒತ್ತಿದರೆ ಮಾತಾಡುತ್ತದೆ. ಯಾರದ್ದೋ ಕಂಪ್ಯೂಟರ್ ಮುಂದೆ ಕೂತಾಗ ಆಪತ್ತಿಗೆ ಒದಗುತ್ತದೆ. ಇಂಗ್ಲಿಷ್ ಪುಟಗಳಿಗೆ, ಎಜ್ ಬ್ರೌಸರಿನ ಜೊತೆ, ಪರವಾಗಿಲ್ಲ. ಕನ್ನಡ ಓದುವವರು ಅದನ್ನೇ ನೆಚ್ಚಿಕೊಳ್ಳಬೇಡಿ.

ಉಳಿದದ್ದು ಎನ್‌ವಿಡಿಎ. ನನ್ನ ಮತ ಇದಕ್ಕೇ, ಮುಚ್ಚುಮರೆ ಇಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು. ಅವರಿಗೂ ಕಣ್ಣಿಲ್ಲ, ಅವರ ಜೊತೆ ಸೇರಿದ ಜೇಮಿ ಟೆ ಅವರಿಗೂ ಇಲ್ಲ. ಒಂದು ಪೈಸೆ ಕೊಡಬೇಕಿಲ್ಲ. ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ಯಾವ ಕಂಪ್ಯೂಟರಿಗಾದರೂ ಚುಚ್ಚಿ ಓಡಿಸಬಹುದು, ಅದರಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್‌ನೆಟ್ ಅಂಗಡಿಯಲ್ಲಿ ನಾನು ಎಷ್ಟೋ ವರ್ಷ ಹಾಗೇ ಕೆಲಸ ಮಾಡಿದೆ. ಅಂಗಡಿಯವನು ಮೊದಲು ವೈರಸ್ ಅಂತ ಹೆದರಿದ್ದ. ಆಮೇಲೆ ಬೇರೆ ಯಾರಾದರೂ ಕಣ್ಣಿಲ್ಲದವರು ಬಂದರೆ ಅವನೇ ನನಗೆ ಫೋನ್ ಮಾಡುತ್ತಿದ್ದ.

ಕನ್ನಡಕ್ಕೆ ಬಂದರೆ, ಎನ್‌ವಿಡಿಎ ಜೊತೆಗೇ ಈಸ್ಪೀಕ್ ಅನ್ನುವ ದನಿ ಬರುತ್ತದೆ, ಅದರಲ್ಲಿ ಕನ್ನಡ ಇದೆ, ಉರ್ದು, ಹಿಂದಿ, ಮರಾಠಿ, ತೆಲುಗೂ ಇವೆ. ಕೇಳಲು ಇಂಪಾಗಿಲ್ಲ. ಡಬ್ಬಿಯೊಳಗಿಂದ ಮಾತಾಡಿದ ಹಾಗಿರುತ್ತದೆ. ಮೊದಲ ವಾರ ತಲೆನೋವು ಬರುತ್ತದೆ, ಎರಡನೇ ವಾರ ಒಗ್ಗುತ್ತದೆ. ಮೂರನೇ ವಾರಕ್ಕೆ ನೀವೇ ವೇಗ ಜಾಸ್ತಿ ಮಾಡಿಕೊಳ್ಳುತ್ತೀರಿ. ಇಂಪಾದ ದನಿಗಳು ಅಷ್ಟು ವೇಗಕ್ಕೆ ಹೋದರೆ ಶಬ್ದ ನುಂಗುತ್ತವೆ, ಇದು ನುಂಗುವುದಿಲ್ಲ. ಇಂಟರ್‌ನೆಟ್ ಇಲ್ಲದಿದ್ದರೂ ಮಾತಾಡುತ್ತದೆ. ದನಿ ಆರಿಸಲು ಎನ್‌ವಿಡಿಎ ಕೀ, ಕಂಟ್ರೋಲ್, ವಿ ಒತ್ತಿ. ಎನ್‌ವಿಡಿಎ ಕೀ ಅಂದರೆ ಇನ್‌ಸರ್ಟ್. ಲ್ಯಾಪ್‌ಟಾಪಿನವರು ಕ್ಯಾಪ್ಸ್‌ಲಾಕನ್ನೂ ಇಟ್ಟುಕೊಳ್ಳಬಹುದು.

ಒಂದು ಮಾತು. ಪುಟದ ಭಾಷೆ ನೋಡಿ ದನಿಯನ್ನು ತಾನೇ ಬದಲಾಯಿಸುವ ಸೌಲಭ್ಯ ಎನ್‌ವಿಡಿಎಗೆ ಇದೆ. ಆದರೆ ಪುಟ ಕಟ್ಟಿದವರು ಒಳಗೆ "ಇದು ಕನ್ನಡ" ಅಂತ ಗುರುತು ಹಾಕಿರಬೇಕು. ಎಷ್ಟೋ ಕನ್ನಡ ಪುಟಗಳ ಒಳಗೆ "ಇದು ಇಂಗ್ಲಿಷ್" ಅಂತಲೇ ಇರುತ್ತದೆ, ಯಾರೋ ಸಿದ್ಧ ನಮೂನೆ ತಂದು ಹಾಗೇ ಬಿಟ್ಟಿರುತ್ತಾರೆ. ಆಗ ಮತ್ತೆ ಅದೇ ಮೌನ. ಅದಕ್ಕೇ ಕನ್ನಡ ಜಾಸ್ತಿ ಓದುವವರು ಕನ್ನಡ ದನಿಯನ್ನೇ ಮುಖ್ಯವಾಗಿಟ್ಟುಕೊಂಡು, ಭಾಷೆ ತಾನಾಗಿ ಬದಲಾಗುವುದನ್ನು ಬಂದ್ ಮಾಡಿಬಿಡಿ. ಇಂಗ್ಲಿಷ್ ಪದ ಬಂದರೆ ಅದೂ ಕೇಳಿಸುತ್ತದೆ.

ಈಗ ಬ್ರೌಸರ್. ಕ್ರೋಮ್, ಎಜ್, ಫೈರ್‌ಫಾಕ್ಸ್ ಮೂರೂ ಎನ್‌ವಿಡಿಎ ಜೊತೆ ಚೆನ್ನಾಗಿ ಹೊಂದುತ್ತವೆ. 2020ರಿಂದ ಎಜ್ ಒಳಗಡೆ ಕ್ರೋಮಿನದೇ ಯಂತ್ರ, ಹಾಗಾಗಿ ಅವೆರಡರ ನಡುವೆ ಓದಿಸುವ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲ. ಫೈರ್‌ಫಾಕ್ಸ್ ಒಂದು ಕಾಲಕ್ಕೆ ನಮ್ಮವರ ಮೊದಲ ಆಯ್ಕೆ. 2017ರ ಕೊನೆಗೆ ಒಳಗಿನ ರಚನೆ ಬದಲಾಯಿಸಿದಾಗ ಸ್ಕ್ರೀನ್ ರೀಡರ್ ಬಳಸುವವರಿಗೆ ಎಮ್ಮೆಯ ಹಾಗೆ ನಡೆಯತೊಡಗಿತು, ಜನ ಬಿಟ್ಟು ಹೋದರು. ಮೇಲೆ ಹೇಳಿದ ಜೇಮಿ ಟೆ ಫೈರ್‌ಫಾಕ್ಸ್ ಕಟ್ಟುವ ಮೊಜಿಲ್ಲಾಕ್ಕೆ ಸೇರಿದ್ದರು. 2023ರಲ್ಲಿ ಆ ಭಾಗವನ್ನೇ ಹೊಸದಾಗಿ ಕಟ್ಟಿದರು. ಈಗ ವೇಗ ಮರಳಿದೆ. ಆದರೆ ಹೋದ ಜನ ಪೂರ್ತಿ ಮರಳಲಿಲ್ಲ.

ಹಾಗಾದರೆ ಯಾವುದು? ಅರ್ಜಿ, ಬ್ಯಾಂಕು, ಸರಕಾರಿ ಕೆಲಸಕ್ಕೆ ಕ್ರೋಮ್ ಇಲ್ಲವೇ ಎಜ್. ಯಾಕೆಂದರೆ ಆ ಪುಟ ಕಟ್ಟಿದವರು ಪರೀಕ್ಷೆ ಮಾಡಿ ನೋಡುವುದು ಅದರಲ್ಲೇ, ಬಹಳ ಸಲ ಅದೊಂದರಲ್ಲೇ. ಸುದ್ದಿ, ಲೇಖನ ಓದಲು ಫೈರ್‌ಫಾಕ್ಸ್. ಯಾಕೆಂದರೆ ಜಾಹೀರಾತು. ಕಣ್ಣಿದ್ದವರಿಗೆ ಜಾಹೀರಾತು ಪಕ್ಕದಲ್ಲಿರುತ್ತದೆ, ನೋಡದೆ ಬಿಡಬಹುದು. ಕಿವಿಯಲ್ಲಿ ಓದುವವನಿಗೆ ಪಕ್ಕ ಅನ್ನೋದೇ ಇಲ್ಲ, ಎಲ್ಲವೂ ಸಾಲಿನಲ್ಲೇ ಬರುತ್ತದೆ. ಒಂದು ಸುದ್ದಿಯ ಮೂರು ವಾಕ್ಯ, ಆಮೇಲೆ "ಫ್ರೇಮ್, ಅಡ್ವರ್ಟೈಸ್‌ಮೆಂಟ್, ಬಟನ್, ಬಟನ್, ಗ್ರಾಫಿಕ್", ಮತ್ತೆ ಎರಡು ವಾಕ್ಯ. ಯೂಬ್ಲಾಕ್ ಆರಿಜಿನ್ ಅನ್ನುವ ತಡೆ ಫೈರ್‌ಫಾಕ್ಸಿನಲ್ಲಿ ಪೂರ್ತಿ ಬಲದಿಂದ ನಡೆಯುತ್ತದೆ. ಕ್ರೋಮ್ ತನ್ನ ನಿಯಮ ಬದಲಾಯಿಸಿದ ಮೇಲೆ ಅಲ್ಲಿ ಅದರ ಹಗುರ ಆವೃತ್ತಿ ಮಾತ್ರ. ಎರಡೂ ಬ್ರೌಸರ್ ಹಾಕಿಕೊಳ್ಳಿ, ಬಾಡಿಗೆಯೇನೂ ಇಲ್ಲವಲ್ಲ.

ಎನ್‌ವಿಡಿಎ ಯಾಕೆ ಅಂತ ಇನ್ನೂ ಅನುಮಾನ ಇದ್ದರೆ ತೊಗರಿ ರೇಟು ನೋಡಿ. ನಮ್ಮ ಮನೆಯಲ್ಲಿ ರಾಶಿಯಾದ ಮೇಲೆ ದಿನಾ ಬೆಳಿಗ್ಗೆ ಅಣ್ಣ ಕೇಳುತ್ತಾನೆ, "ಇವತ್ತ ಎಷ್ಟ ಆಗೇದ?" ಮಾರುಕಟ್ಟೆ ದರದ ಪುಟ ಒಂದು ದೊಡ್ಡ ಕೋಷ್ಟಕ. ಊರು, ತಳಿ, ಕನಿಷ್ಠ, ಗರಿಷ್ಠ, ನಡುಬೆಲೆ. ಬಾಣದ ಕೀ ಒತ್ತಿಕೊಂಡು ಹೋದರೆ ಬರೀ ಅಂಕಿಗಳ ಮಳೆ, ಯಾವುದು ಯಾವ ಊರಿನದು ಅಂತ ತಿಳಿಯದು. ಎನ್‌ವಿಡಿಎಯಲ್ಲಿ ಟಿ ಒತ್ತಿದರೆ ನೇರ ಕೋಷ್ಟಕಕ್ಕೆ ಹೋಗುತ್ತದೆ. ಆಮೇಲೆ ಕಂಟ್ರೋಲ್, ಆಲ್ಟ್ ಹಿಡಿದು ಕೆಳಬಾಣ ಒತ್ತುತ್ತಾ ಕಲಬುರಗಿ ಸಿಗುವವರೆಗೆ ಇಳಿಯುತ್ತೇನೆ. ಸಿಕ್ಕ ಮೇಲೆ ಬಲಬಾಣ. ಕೋಷ್ಟಕವನ್ನು ಸರಿಯಾಗಿ ಕಟ್ಟಿದ್ದರೆ ಪ್ರತಿ ಮನೆಗೆ ಹೋದಾಗಲೂ ಮೊದಲು ತಲೆಬರಹ ಹೇಳಿ ಆಮೇಲೆ ಅಂಕಿ ಹೇಳುತ್ತದೆ: ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ಅಣ್ಣ ಚಹಾ ಮುಗಿಸುವ ಮೊದಲು ರೇಟು ಹೇಳಿಬಿಟ್ಟಿರುತ್ತೇನೆ. ಫೋನಿನಲ್ಲಿ ಇದೇ ಕೋಷ್ಟಕ ಬಿಡಿಸಲು ಹೋದರೆ ಚಹಾ ಆರುತ್ತದೆ.

ಉಳಿದ ಕೀಗಳು ಕಲಿಯಲು ಎರಡು ಸಂಜೆ ಸಾಕು. ಎಚ್ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ, ಕೆ ಒತ್ತಿದರೆ ಲಿಂಕಿನಿಂದ ಲಿಂಕಿಗೆ, ಎಫ್ ಒತ್ತಿದರೆ ಅರ್ಜಿಯ ಖಾನೆಗೆ, ಬಿ ಒತ್ತಿದರೆ ಬಟನ್ನಿಗೆ. ಮೊದಲು ಎಚ್ ಕಲಿಯಿರಿ. ಪುಟವನ್ನು ಮೇಲಿನಿಂದ ಕೆಳಗೆ ಪೂರ್ತಿ ಕೇಳುತ್ತಾ ಕೂರುವುದು ಹೊಸಬರ ತಪ್ಪು. ಮನೆಯೊಳಗೆ ಗೋಡೆ ಹಿಡಿದು ನಡೆಯುವುದಕ್ಕೂ ಬಾಗಿಲು ಗೊತ್ತಿದ್ದು ನಡೆಯುವುದಕ್ಕೂ ಇರುವ ವ್ಯತ್ಯಾಸ ಅದು.

ಹಳೆಯ ಕಂಪ್ಯೂಟರ್ ಯಾರೋ ದಾನ ಕೊಟ್ಟಿದ್ದು, ವಿಂಡೋಸ್ 7 ಇದೆ ಅಂತ ಕೆಲವರು ಬರುತ್ತಾರೆ. ಅದರಲ್ಲಿ ಕ್ರೋಮ್ 109ಕ್ಕೇ ನಿಂತಿದೆ, ಎನ್‌ವಿಡಿಎ 2023.3.4ಕ್ಕೆ ನಿಂತಿದೆ. ಕಲಿಯಲು ಇಟ್ಟುಕೊಳ್ಳಿ. ಬ್ಯಾಂಕಿನ ಪಾಸ್‌ವರ್ಡ್ ಅದರಲ್ಲಿ ಹಾಕಬೇಡಿ.

ಫೋನ್ ಒಂದೇ ಇದ್ದವರಿಗೆ

ಶಹಾಪುರದ ತಮ್ಮನಂಥವರೇ ನಮ್ಮಲ್ಲಿ ಜಾಸ್ತಿ. ಆಂಡ್ರಾಯ್ಡಿನಲ್ಲಿ ಟಾಕ್‌ಬ್ಯಾಕ್ ಒಳಗೇ ಇರುತ್ತದೆ. ಧ್ವನಿಯ ಎರಡೂ ಗುಂಡಿಗಳನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಚಾಲೂ, ಮತ್ತೆ ಹಾಗೇ ಒತ್ತಿದರೆ ಬಂದ್. ಗೂಗಲಿನ ಕನ್ನಡ ದನಿ ಈಸ್ಪೀಕಿಗಿಂತ ಎಷ್ಟೋ ಮನುಷ್ಯರ ಹತ್ತಿರ ಇದೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಮಾತಾಡುತ್ತದೆ. ಕನ್ನಡದ ಮಟ್ಟಿಗೆ ಹೇಳುವುದಾದರೆ ಅಗ್ಗದ ಆಂಡ್ರಾಯ್ಡ್ ಫೋನು ದುಬಾರಿ ಲ್ಯಾಪ್‌ಟಾಪಿಗಿಂತ ಇಂಪಾಗಿ ಓದುತ್ತದೆ. ವಿಚಿತ್ರ, ಆದರೆ ಖರೆ.

ಬ್ರೌಸರ್ ಕ್ರೋಮ್ ಸಾಕು. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸಿ ಕೇಳಬಹುದು. ಅನುವಾದ ಅಲ್ಲಲ್ಲಿ ನಗು ಬರಿಸುತ್ತದೆ, ವಿಷಯ ತಿಳಿಯುತ್ತದೆ. ಸುದ್ದಿ ಓದುವ ಚಟ ಇದ್ದರೆ ಫೈರ್‌ಫಾಕ್ಸನ್ನೂ ಹಾಕಿ, ಫೋನಿನ ಫೈರ್‌ಫಾಕ್ಸಿನಲ್ಲೂ ಜಾಹೀರಾತು ತಡೆಯುವ ಯೂಬ್ಲಾಕ್ ಹಾಕಿಕೊಳ್ಳಬಹುದು. ಅದರ ಓದುವ ನೋಟ ಒತ್ತಿದರೆ ಸುದ್ದಿ ಮಾತ್ರ ಉಳಿಯುತ್ತದೆ.

ಫೋನಿನಲ್ಲಿ ನಾನು ಕೆಟ್ಟದ್ದು ಒಂದೇ ಸಲ, ಅದೂ ಯಾದಗಿರಿಯಿಂದ ಬರುವ ಬಸ್ಸಿನಲ್ಲಿ. ಇಯರ್‌ಫೋನಿನ ತಂತಿ ಯಾರದ್ದೋ ಚೀಲಕ್ಕೆ ಸಿಕ್ಕಿ ಕಿತ್ತುಕೊಂಡು ಬಂತು, ನನಗೆ ಗೊತ್ತಾಗಲಿಲ್ಲ. ಹಣ ಕಳಿಸುತ್ತಿದ್ದೆ. ಓಟಿಪಿ ಬಂತು. ಟಾಕ್‌ಬ್ಯಾಕ್ ಗಟ್ಟಿಯಾಗಿ, ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ ಓದಿತು. ಹಿಂದಿನ ಸೀಟಿನ ಹುಡುಗ ಅಂದ, "ಕಾಕಾ, ನಿಮ್ಮ ಓಟಿಪಿ ಇಡೀ ಬಸ್ಸಿಗಿ ಗೊತ್ತಾತು ನೋಡ್ರಿ." ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಕೈ ನಡುಗುತ್ತಿತ್ತು. ಆವತ್ತಿನಿಂದ ದುಡ್ಡಿನ ಕೆಲಸ ಮನೆಯಲ್ಲೇ. ಟಾಕ್‌ಬ್ಯಾಕಿನಲ್ಲಿ ಪರದೆಯನ್ನು ಪೂರ್ತಿ ಕಪ್ಪು ಮಾಡುವ ಅನುಕೂಲವೂ ಇದೆ, ಪಕ್ಕದವರು ಇಣುಕಿದರೂ ಏನೂ ಕಾಣದು. ನಮಗೆ ಪರದೆ ಬೆಳಗಿದರೇನು, ಆರಿದರೇನು!

ಐಫೋನ್? ವಾಯ್ಸ್‌ಓವರ್ 2009ರಿಂದ ಅದರೊಳಗಿದೆ. ಬೆರಳಿನ ಸನ್ನೆಗಳು ನಯವಾಗಿವೆ, ಸಫಾರಿಯ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ, ಕನ್ನಡ ದನಿಯೂ ಈಗ ಇದೆ. ಎರಡು ಬೆರಳನ್ನು ಪರದೆಯ ಮೇಲೆ ಕೀಲಿ ತಿರುಗಿಸಿದ ಹಾಗೆ ತಿರುಗಿಸಿ ತಲೆಬರಹ, ಲಿಂಕು ಅಂತ ಆರಿಸಿಕೊಳ್ಳಬಹುದು. ಮನೆಯಲ್ಲಿ ಯಾರಾದರೂ ಹಳೆಯ ಐಫೋನ್ ಕೊಟ್ಟರೆ ಬೇಡ ಅನ್ನಬೇಡಿ. ಸಾಲ ಮಾಡಿ ಕೊಳ್ಳಬೇಡಿ. ಆ ದುಡ್ಡಿಗೆ ಒಂದು ಮಧ್ಯಮ ಆಂಡ್ರಾಯ್ಡ್, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಎರಡೂ ಬರುತ್ತವೆ.

ಸ್ವಲ್ಪ ನೋಟ ಉಳಿದವರಿಗೆ

ಇಲ್ಲಿ ಲೆಕ್ಕ ಬೇರೆ. ಬೀದರಿನ ಮಾಸ್ತರರಿಗೆ ನಡುಭಾಗ ಮಸುಕು, ಅವರಿಗೆ ಅಕ್ಷರ ದೊಡ್ಡದಾದಷ್ಟೂ ಒಳ್ಳೆಯದು. ನನ್ನಂಥ ಕಿರಿದಾದ ನೋಟದವರಿಗೆ, ಗ್ಲಾಕೋಮಾ ಆದವರಿಗೆ, ತೀರಾ ದೊಡ್ಡ ಅಕ್ಷರ ಉಲ್ಟಾ ಕೆಲಸ ಮಾಡುತ್ತದೆ. ಕಿಂಡಿಯಲ್ಲಿ ಎರಡೇ ಅಕ್ಷರ ಹಿಡಿದರೆ ಪದ ಕೂಡಿಸುವುದರಲ್ಲಿ ವಾಕ್ಯವೇ ಮರೆತು ಹೋಗುತ್ತದೆ. ನಮಗೆ ಬೇಕಾದದ್ದು ಕಪ್ಪು ಹಿನ್ನೆಲೆ, ಹಳದಿಯೋ ಬಿಳಿಯೋ ಅಕ್ಷರ, ಮಧ್ಯಮ ಗಾತ್ರ.

ಕನ್ನಡಕ್ಕೆ ಇನ್ನೊಂದು ತೊಡಕು. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂತಿರುತ್ತದೆ. ಪ, ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ, ಅಷ್ಟೇ. ಅಕ್ಷರ ಹಿಗ್ಗಿಸಿ ಸಾಲಿನ ಅಂತರ ಹಿಗ್ಗದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗಿ ಎರಡೂ ಕಲಸಿ ಹೋಗುತ್ತವೆ. ಆದ್ದರಿಂದ ಬರೀ ಕಂಟ್ರೋಲ್, ಪ್ಲಸ್ ಒತ್ತುತ್ತಾ ಹೋಗುವ ಬದಲು ಓದುವ ನೋಟಕ್ಕೆ ಹೋಗಿ. ಎಜ್‌ನಲ್ಲೂ ವಿಂಡೋಸಿನ ಫೈರ್‌ಫಾಕ್ಸಿನಲ್ಲೂ ಕೀ ಒಂದೇ, ಎಫ್ 9. ಫೈರ್‌ಫಾಕ್ಸಿನಲ್ಲಿ ಸಾಲಿನ ಅಂತರ, ಅಗಲ, ಬಣ್ಣ ಎಲ್ಲವನ್ನೂ ಬೇಕಾದ ಹಾಗೆ ತಿದ್ದಬಹುದು. ಎಜ್‌ನಲ್ಲಿ ಒಂದು, ಮೂರು ಇಲ್ಲವೇ ಐದು ಸಾಲು ಮಾತ್ರ ಬೆಳಗಿಸಿ ಉಳಿದದ್ದನ್ನು ಮಂಕು ಮಾಡುವ ಉಪಾಯ ಇದೆ. ಸಾಲು ತಪ್ಪುವವರಿಗೆ ದೊಡ್ಡ ನೆರವು.

ಆದರೆ ಮಾಸ್ತರರ ಮಟ್ಟಿಗೆ ತಕ್ಕಡಿ ವಾಲಿದ್ದು ಬೇರೆ ಕಾರಣಕ್ಕೆ. ಎಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿದರೆ ಪುಟವನ್ನು ಗಟ್ಟಿಯಾಗಿ ಓದುತ್ತದೆ. ದನಿಗಳ ಪಟ್ಟಿಯಲ್ಲಿ ಕನ್ನಡಕ್ಕೆ ಸಪ್ನಾ, ಗಗನ್ ಅಂತ ಎರಡು ಹೆಸರಿವೆ. ಕೇಳಿದರೆ ರೇಡಿಯೋ ವಾರ್ತೆ ಓದಿದ ಹಾಗೇ ಇರುತ್ತದೆ. ಓದುವ ಪದ ಬೆಳಗುತ್ತಾ ಹೋಗುತ್ತದೆ, ಕಣ್ಣು ಕಿವಿ ಎರಡೂ ಒಟ್ಟಿಗೆ ನಡೆಯಬಹುದು. ಕೊರತೆ ಏನೆಂದರೆ ಇಂಟರ್‌ನೆಟ್ ಇರಲೇಬೇಕು. ಮತ್ತೆ ಇದು ಸ್ಕ್ರೀನ್ ರೀಡರ್ ಅಲ್ಲ. ಲೇಖನ ಓದಿ ಹೇಳುತ್ತದೆ, "ಇಲ್ಲಿ ನಿಮ್ಮ ಹೆಸರು ಬರೆಯಿರಿ" ಅನ್ನುವ ಖಾನೆಗೆ ಕೈ ಹಿಡಿದು ಕರೆದೊಯ್ಯುವುದಿಲ್ಲ.

ಯಾವುದು ಹಾಕಿದರೂ ಬಗೆಹರಿಯದ್ದು

ಒಂದು, ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು. ಕಣ್ಣಿಗೆ ಅದು ಕನ್ನಡ. ಒಳಗಡೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. "ಕನ್ನಡ" ಅನ್ನುವ ಪದವನ್ನೇ ಸ್ಕ್ರೀನ್ ರೀಡರ್ "ಪಿ... ಪೌಂಡ್... ಕ್ಯೂ..." ಅಂತ ಓದುತ್ತದೆ. ಸುತ್ತೋಲೆಗಳು, ಹಳೆಯ ಪ್ರಶ್ನೆಪತ್ರಿಕೆಗಳು ಎಷ್ಟೋ ಹೀಗೇ ಇವೆ. ಅದನ್ನು ಯೂನಿಕೋಡಿಗೆ, ಅಂದರೆ ಯಂತ್ರವೂ ಕನ್ನಡ ಅಂತಲೇ ಗುರುತಿಸುವ ರೂಪಕ್ಕೆ, ತಿರುಗಿಸುವ ಪರಿವರ್ತಕಗಳಿವೆ. ಆ ರಾಶಿಯನ್ನು ಕಾಪಿ ಮಾಡಿ ಅದರಲ್ಲಿ ಹಾಕಿದರೆ ಬಹುಪಾಲು ಸರಿಯಾಗುತ್ತದೆ. ಎರಡು, ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್. ಅದು ಬರೀ ಫೋಟೋ. ಫೋನಿನ ಗೂಗಲ್ ಲೆನ್ಸಿನಿಂದ ಅಕ್ಷರ ಎತ್ತಿಸಿಕೊಳ್ಳಬಹುದು. ಮೂರು, ಕ್ಯಾಪ್ಚಾ, ಅಂದರೆ ನೀವು ಮನುಷ್ಯರೇ ಹೌದಾ ಅಂತ ನೋಡಲು ಚಿತ್ರದ ಅಕ್ಷರ ಬರೆಸುವುದು. ಕಿವಿಗೆ ಕೇಳಿಸುವ ಕ್ಯಾಪ್ಚಾ ಇಲ್ಲದ ಪುಟ ಅಂದರೆ ಬಾಗಿಲಿಗೆ ಬೀಗ ಹಾಕಿ ಒಳಗೆ ಬನ್ನಿ ಅಂದ ಹಾಗೆ. ಒಂದು ಅರ್ಜಿಯನ್ನು ಎಲ್ಲ ತುಂಬಿ ಕೊನೆಗೆ ಚಿತ್ರದ ಅಕ್ಷರ ಬರೆಯಿರಿ ಅಂದಾಗ ಸೋದರಳಿಯನನ್ನು ಕರೆಯಲು ಅಂಗಳಕ್ಕೆ ಹೋಗಿದ್ದೆ. ಅವನು ಕ್ರಿಕೆಟ್ ಬಿಟ್ಟು ಬರುವಷ್ಟರಲ್ಲಿ ಸಮಯ ಮುಗಿದು ಎಲ್ಲ ಅಳಿಸಿಹೋಗಿತ್ತು.

ಇಂಥದ್ದಕ್ಕೆ ದೂರು ಕೊಡುವ ಹಕ್ಕು ನಮಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾಹಿತಿ ಎಲ್ಲರಿಗೂ ಸಿಗುವ ರೂಪದಲ್ಲಿರಬೇಕು ಅಂತಿದೆ. ಡಿಜಿಟಲ್ ಸೌಲಭ್ಯ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ದೂರು ಬರೆಯುವಾಗ ಇವೆರಡನ್ನೂ ಹಾಕಿ.

ಮೂವರಿಗೆ ಹೇಳಿದ್ದು

ಹುಡುಗಿಗೆ ಎನ್‌ವಿಡಿಎ, ಕ್ರೋಮ್, ಫೈರ್‌ಫಾಕ್ಸ್. ಖರ್ಚು ಸೊನ್ನೆ, ಹಾಸ್ಟೆಲ್ಲಿನ ಕಂಪ್ಯೂಟರಿಗೆ ಪೆನ್‌ಡ್ರೈವಿನ ಪ್ರತಿ. ಈಸ್ಪೀಕ್ ದನಿ ಕೇಳಿ "ಇದು ಯಾವ ದೆವ್ವರಿ ಸರ?" ಅಂದಿದ್ದಳು. ಹದಿನೈದು ದಿನ ಬಿಟ್ಟು ಮಾತಾಡಿದಾಗ ಅವಳ ಹಿನ್ನೆಲೆಯಲ್ಲಿ ಅದೇ ದೆವ್ವ ನನಗೂ ಹಿಡಿಯಲಾಗದಷ್ಟು ವೇಗದಲ್ಲಿ ಇತಿಹಾಸದ ನೋಟ್ಸ್ ಓದುತ್ತಿತ್ತು.

ಶಹಾಪುರದವನಿಗೆ ಟಾಕ್‌ಬ್ಯಾಕ್, ಗೂಗಲಿನ ಕನ್ನಡ ದನಿ, ಕ್ರೋಮ್. ಕೊಳ್ಳಲು ಹೇಳಿದ್ದು ಒಂದೇ, ಗಟ್ಟಿಯಾದ ತಂತಿಯ ಇಯರ್‌ಫೋನ್. ಬ್ಲೂಟೂತಿನದು ಬೇಡ ಅಂದೆ. ಬೆರಳು ಮುಂದೆ ಹೋಗುತ್ತದೆ, ಮಾತು ಹಿಂದೆ ಬರುತ್ತದೆ. ಒಂದು ಕಿವಿಗೆ ಮಾತ್ರ ಹಾಕಿಕೋ, ಇನ್ನೊಂದು ಗಿರಾಕಿಗಿರಲಿ ಅಂತಲೂ ಹೇಳಿದೆ.

ಮಾಸ್ತರರಿಗೆ ಎಜ್, ಸಪ್ನಾಳ ದನಿ. ಮಗ ಬಂದು ಹಾಕಿಕೊಟ್ಟಿದ್ದಾನೆ. ಮೊನ್ನೆ ಫೋನ್ ಮಾಡಿದ್ದರು. ದನಿ ಛಲೋ ಅದ, ಒಂದೇ ತಕರಾರು ಅಂದರು. ಬೀದರಿನ ಹಳ್ಳಿಯೊಂದರ ಹೆಸರನ್ನು ಆ ದನಿ ತಪ್ಪು ಓದಿತಂತೆ, ಮಾಸ್ತರರು ಕಂಪ್ಯೂಟರಿನ ಮುಂದೆಯೇ ಕೂತು ಮೂರು ಸಲ ತಿದ್ದಿ ಹೇಳಿದರಂತೆ.